ಹಳೇ ಟ್ರಕ್ಕಿನ ಜೋತುಬಿದ್ದ ರೂಫ್ ಲೈನಿಂಗು, ಸವೆದ ಕಾರ್ಪೆಟ್ಟು: ಎರಡನ್ನೂ ನೀವೇ ಬದಲಾಯಿಸೋದು ಹೇಗೆ

ಹಳೇ ಪಿಕಪ್ ಟ್ರಕ್ ಇಟ್ಕೊಂಡಿರೋರಿಗೆ ಈ ಎರಡು ಕಾಟ ಹೆಚ್ಚುಕಮ್ಮಿ ಒಟ್ಟಿಗೇ ಶುರುವಾಗತ್ತೆ. ಮೇಲ್ಗಡೆ ರೂಫಿನ ಬಟ್ಟೆ ಬಿಟ್ಕೊಂಡು ತಲೆಗೆ ತಾಗತ್ತೆ, ಗ್ಲಾಸ್ ಇಳಿಸಿ ಓಡಿಸಿದ್ರೆ ಪಟಪಟ ಅಂತ ಹೊಡ್ಕೊಳ್ಳತ್ತೆ, ಒಳಗಿನ ಮಿರರಲ್ಲಿ ನೋಡಿದ್ರೆ ಹಿಂದಿನ ಗಾಡಿ ಬದಲು ಜೋತಾಡೋ ಬಟ್ಟೆನೇ ಕಾಣತ್ತೆ. ಕೆಳಗಡೆ ಡ್ರೈವರ್ ಹಿಮ್ಮಡಿ ಊರೋ ಜಾಗದಲ್ಲಿ ಕಾರ್ಪೆಟ್ ಸವೆದು ತೂತಾಗಿರತ್ತೆ, ಮಳೆ ಬಂದ ಮಾರನೇ ದಿನ ಬಾಗ್ಲು ತೆಗೆದ್ರೆ ಮುಗ್ಗಲು ವಾಸನೆ.

ತುಂಬಾ ಜನ ಮಾಡೋದು ಏನಂದ್ರೆ ಬಟ್ಟೆನ ಗುಂಡುಪಿನ್ನು ಚುಚ್ಚಿ ಮೇಲಕ್ಕೆ ನಿಲ್ಲಿಸ್ತಾರೆ, ಇಲ್ಲಾ ಒಂದು ಸ್ಪ್ರೇ ಗಮ್ ತಂದು ಸಂದಿಯಿಂದ ಹೊಡೆದು ಒತ್ತಿ ಅಂಟಿಸ್ತಾರೆ, ಕೆಳಗಡೆ ಹಳೇ ಕಾರ್ಪೆಟ್ ಮೇಲೇ ಒಂದು ರಬ್ಬರ್ ಮ್ಯಾಟ್ ಹಾಸ್ತಾರೆ. ಇದು ಎರಡು ವಾರ ಚೆನ್ನಾಗಿ ಕಾಣತ್ತೆ, ಆಮೇಲೆ ಮೊದಲಿಗಿಂತ ಕೆಟ್ಟದಾಗತ್ತೆ. ಯಾಕಂದ್ರೆ ಎರಡರಲ್ಲೂ ತೊಂದರೆ ಇರೋದು ಕಣ್ಣಿಗೆ ಕಾಣೋ ಬಟ್ಟೇಲಿ ಅಲ್ಲ, ಅದರ ಹಿಂದೆ. ಹಿಂದಿನ ಕೆಲಸ ಸರಿಯಾಗಿ ಮಾಡಿದ್ರೆ ಹೊಸ ಬಟ್ಟೆ ಅಂಟಿಸೋದು, ಹೊಸ ಕಾರ್ಪೆಟ್ ಹಾಸೋದು ನಿಜವಾಗ್ಲೂ ಸುಲಭ. ಆ ಹಿಂದಿನ ಕೆಲಸದ ಬಗ್ಗೇನೇ ಇಲ್ಲಿ ಜಾಸ್ತಿ ಬರೀತೀನಿ.

ಬಟ್ಟೆ ಜೋತು ಬೀಳೋದು ಯಾಕೆ

ಜೋತಿರೋ ಬಟ್ಟೇನ ಒಂದು ಮೂಲೇಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಸುಲಭವಾಗಿ ಬಿಟ್ಕೊಂಡು ಬರತ್ತೆ, ಜೊತೆಗೆ ಕೆಂಪು-ಹಳದಿ ಬಣ್ಣದ ಪುಡಿ ಕೈ ಮೇಲೆ, ಸೀಟಿನ ಮೇಲೆ ಎಲ್ಲಾ ಉದುರತ್ತೆ. ಆ ಪುಡಿ ಗಮ್ ಅಲ್ಲ, ಫೋಮು. ರೂಫ್ ಲೈನಿಂಗ್ ಬಟ್ಟೆ ಬರೀ ಬಟ್ಟೆ ಅಲ್ಲ, ಅದರ ಬೆನ್ನಿಗೆ ಸುಮಾರು 3 ಮಿಲಿಮೀಟರ್ ದಪ್ಪದ ಪಾಲಿಯುರಿಥೇನ್ ಫೋಮ್ ಪದರ ಕೂಡಿಸಿರ್ತಾರೆ, ಆ ಫೋಮನ್ನ ಒತ್ತಿ ಮಾಡಿದ ನಾರಿನ ಬೋರ್ಡಿಗೋ ಫೈಬರ್‌ಗ್ಲಾಸ್ ಬೋರ್ಡಿಗೋ ಅಂಟಿಸಿರ್ತಾರೆ. ವರ್ಷಗಟ್ಟಲೆ ಬಿಸಿಲಿನ ಕಾವು, ಗಾಳೀಲಿರೋ ತೇವ ಎರಡೂ ಸೇರಿ ಫೋಮು ಒಳಗೊಳಗೇ ಹುಡಿಯಾಗತ್ತೆ. ಗಮ್ಮು ಬೋರ್ಡ್ ಮೇಲೆ ಗಟ್ಟಿಯಾಗೇ ಇರತ್ತೆ, ಬಟ್ಟೆನೂ ಹರಿದಿರಲ್ಲ, ನಡುವೆ ಇರೋದು ಮಾತ್ರ ಸತ್ತುಹೋಗಿರತ್ತೆ. ಈಗ ನೀವು ಎಷ್ಟೇ ಒಳ್ಳೇ ಗಮ್ ತಂದು ಹೊಡೆದ್ರೂ ಅದು ಹುಡಿಗೆ ಅಂಟ್ಕೊಳ್ಳತ್ತೆ, ಹುಡಿ ಬೋರ್ಡ್ ಬಿಟ್ಟು ಬರತ್ತೆ. ಹಾಗಾಗಿ ಹಳೇ ಬಟ್ಟೆ ಉಳಿಸ್ಕೊಳ್ಳೋ ದಾರಿ ಇಲ್ಲ, ಬೋರ್ಡ್ ಹೊರಗೆ ತೆಗೀಲೇಬೇಕು.

ಇನ್ನೂ ಹಳೇ ಕಾಲದ ಟ್ರಕ್ ಆಗಿದ್ರೆ ಬೋರ್ಡೇ ಇಲ್ಲದೆ, ಅಡ್ಡಡ್ಡ ತಂತಿ ಕಮಾನುಗಳಿಗೆ ಬಟ್ಟೆ ಇಲ್ಲಾ ರೆಕ್ಸಿನ್ ಪೋಣಿಸಿ ಎಳೆದು ಕಟ್ಟಿರೋ ಲೈನಿಂಗ್ ಇರಬಹುದು. ಅದರ ವಿಧಾನ ಬೇರೆ, ಅಲ್ಲಿ ಅಂಟಿಸೋದಕ್ಕಿಂತ ಹೊಲಿಗೆ ಮತ್ತು ಎಳೆತ ಮುಖ್ಯ. ಒಂದೇ ಒಂದು ಮಾತು ಹೇಳ್ತೀನಿ: ಕಮಾನು ಬಿಚ್ಚುವಾಗ ಮುಂದಿನಿಂದ ಹಿಂದಕ್ಕೆ 1, 2, 3 ಅಂತ ನಂಬರ್ ಹಾಕಿ ಇಡಿ, ಒಂದೊಂದರ ಬಾಗು ಬೇರೆ ಬೇರೆ ಇರತ್ತೆ, ಅದಲು ಬದಲಾದ್ರೆ ಬಟ್ಟೆ ನೆಟ್ಟಗೆ ಕೂರಲ್ಲ. ಮುಂದೆ ಹೇಳೋದೆಲ್ಲ ಬೋರ್ಡ್ ಇರೋ ಲೈನಿಂಗ್ ಬಗ್ಗೆ.

ಯಾವುದು ಮೊದಲು

ಎರಡೂ ಕೆಲಸ ಮಾಡೋದಿದ್ರೆ ಮೊದಲು ಎರಡನ್ನೂ ಪೂರ್ತಿ ಬಿಚ್ಚಿ. ಒಂದು ಮುಗಿಸಿ ಆಮೇಲೆ ಇನ್ನೊಂದು ಅನ್ನೋ ಹಾಗೆ ಹೋಗ್ಬೇಡಿ. ಸೀಟು ಹೊರಗಿದ್ರೆ ಬೋರ್ಡ್ ಬಗ್ಗಿಸದೆ ಆರಾಮಾಗಿ ತೆಗೀಬಹುದು, ಮೇಲಿಂದ ಉದುರೋ ಫೋಮ್ ಪುಡಿ ಹೇಗಿದ್ರೂ ಎಸೆಯೋ ಹಳೇ ಕಾರ್ಪೆಟ್ ಮೇಲೆ ಬೀಳತ್ತೆ. ಅದಕ್ಕಿಂತ ದೊಡ್ಡ ಕಾರಣ, ಕ್ಯಾಬಿನ್ ಒಳಗೆ ಮೇಲಿಂದ ಕೆಳಗಿನ ತನಕ ಬರೀ ತಗಡು ಕಾಣೋದು ಇದೊಂದೇ ಸಲ, ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕೋಕೆ ಇದಕ್ಕಿಂತ ಒಳ್ಳೇ ಸಮಯ ಸಿಗಲ್ಲ. ವಾಪಸ್ ಹಾಕುವಾಗ ಮೇಲಿನದು ಮೊದಲು, ಕೆಳಗಿನದು ಆಮೇಲೆ.

ಎರಡು ದಿನದ ಕೆಲಸ ಅಂತ ಶುರು ಮಾಡ್ಬೇಡಿ. ಗಮ್ ಒಣಗೋಕೆ ಒಂದು ದಿನ, ಪೇಂಟ್ ಒಣಗೋಕೆ ಒಂದು ದಿನ, ಕಾರ್ಪೆಟ್ ಕೂರೋಕೆ ಒಂದು ರಾತ್ರಿ ಬೇಕೇ ಬೇಕು, ಆತುರ ಮಾಡಿದ ಕಡೆನೇ ಇದು ಹಾಳಾಗೋದು. ಟ್ರಕ್ ಒಂದು ವಾರ ನಿಂತಿದ್ರೂ ಪರವಾಗಿಲ್ಲ ಅನ್ನೋ ಸಮಯ ನೋಡ್ಕೊಳ್ಳಿ.

ಬಿಚ್ಚೋದು

ಮೊದಲು ಬ್ಯಾಟರಿ ನೆಗೆಟಿವ್ ತೆಗೀರಿ. ಏರ್‌ಬ್ಯಾಗ್ ಇರೋ ಗಾಡಿ ಆದ್ರೆ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಹೇಳಿರೋಷ್ಟು ಹೊತ್ತು ಸುಮ್ನೆ ಬಿಡಿ, ಆಮೇಲೇ ಕೈ ಹಾಕಿ. ಹಳದಿ ಬಣ್ಣದ ಕನೆಕ್ಟರ್ ಕಂಡ್ರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗ್ ಇಲ್ಲಾ ಬೆಲ್ಟ್ ಟೆನ್ಷನರ್‌ಗೆ (ಡಿಕ್ಕಿ ಆದಾಗ ಸೀಟ್ ಬೆಲ್ಟನ್ನ ಬಿಗಿ ಎಳೆಯೋ ಭಾಗ) ಸೇರಿದ್ದು. ಸೀಟಿನ ಕೆಳಗಿನ ಕನೆಕ್ಟರ್ ಬಿಚ್ಚಿದ ಮೇಲೆ ಬ್ಯಾಟರಿ ಕೂಡಿಸಿ ಕೀ ಆನ್ ಮಾಡ್ಬೇಡಿ, ಏರ್‌ಬ್ಯಾಗ್ ಲೈಟ್ ಹತ್ತಿ ಹಾಗೇ ನಿಂತುಬಿಡತ್ತೆ, ಅದನ್ನ ಆರಿಸೋಕೆ ಸ್ಕ್ಯಾನರ್ ಬೇಕಾಗತ್ತೆ. ಬಾಗ್ಲ ಮೇಲಿನ ಸಾಲಲ್ಲಿ ಕರ್ಟನ್ ಏರ್‌ಬ್ಯಾಗ್ ಇದ್ರೆ ಆ ಜಾಗಕ್ಕೆ ಗಮ್ಮೂ ಬೇಡ, ಹೆಚ್ಚುವರಿ ಫೋಮೂ ಬೇಡ, ಅಲ್ಲಿನ ಕ್ಲಿಪ್ ಹೇಗಿತ್ತೋ ಹಾಗೇ ವಾಪಸ್ ಹೋಗ್ಬೇಕು.

ಸೀಟಿನ ಬೋಲ್ಟುಗಳ ವಿಷ್ಯ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಹಳೇ ಟ್ರಕ್ಕಲ್ಲಿ ಜನ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ಎಷ್ಟೋ ಗಾಡಿಗಳಲ್ಲಿ ಬೋಲ್ಟಿನ ತುದಿ ಫ್ಲೋರ್ ದಾಟಿ ಗಾಡಿ ಕೆಳಗೆ ಇಣುಕ್ತಾ ಇರತ್ತೆ, ವರ್ಷಗಟ್ಟಲೆ ರಸ್ತೆಯ ಕೆಸರು ಆ ಥ್ರೆಡ್ ಮೇಲೆ ಕೂತು ಕಲ್ಲಾಗಿರತ್ತೆ. ಮೇಲಿಂದ ಪಾನ ಹಾಕಿ ತಿರುಗಿಸಿದ್ರೆ ಆ ಕೆಸರು, ತುಕ್ಕು ಎಲ್ಲಾ ನಟ್ಟಿನ ಒಳಗಿಂದಲೇ ಹಾದು ಬರ್ಬೇಕು, ಅರ್ಧಕ್ಕೆ ಬಂದು ಜಾಮ್ ಆಗತ್ತೆ, ಇನ್ನೂ ಜೋರು ಮಾಡಿದ್ರೆ ಬೋಲ್ಟ್ ಮುರಿಯತ್ತೆ, ಇಲ್ಲಾ ಫ್ಲೋರಿಗೆ ವೆಲ್ಡ್ ಮಾಡಿರೋ ನಟ್ಟೇ ಬಿಟ್ಕೊಂಡು ಸುತ್ತೋಕೆ ಶುರುವಾಗತ್ತೆ. ಹಿಂದಿನ ದಿನವೇ ಗಾಡಿ ಕೆಳಗೆ ಹೋಗಿ ಆ ತುದಿಗಳನ್ನ ವೈರ್ ಬ್ರಷ್‌ನಲ್ಲಿ ಥ್ರೆಡ್ ಹೊಳೆಯೋ ತನಕ ಉಜ್ಜಿ, ತುಕ್ಕು ಬಿಡಿಸೋ ಎಣ್ಣೆ ಹೊಡೆದು ರಾತ್ರಿ ಬಿಡಿ. ಬಿಚ್ಚುವಾಗ ಮೊದಲು ಚೂರೇ ಚೂರು ಟೈಟ್ ಕಡೆಗೆ ತಿರುಗಿಸಿ 'ಕಟ್' ಅನ್ನಿಸಿ, ಆಮೇಲೆ ಲೂಸ್ ಮಾಡಿ, ಬಿಗಿ ಅನ್ನಿಸಿದಾಗೆಲ್ಲಾ ಅರ್ಧ ಸುತ್ತು ವಾಪಸ್ ಹೋಗಿ ಮತ್ತೆ ಎಣ್ಣೆ ಹಾಕಿ ಮುಂದಕ್ಕೆ ಬನ್ನಿ. ಸೀಟ್ ಬೆಲ್ಟ್ ಬೋಲ್ಟುಗಳು ಹೆಚ್ಚಾಗಿ ದೊಡ್ಡ ಟಾರ್ಕ್ಸ್ (ನಕ್ಷತ್ರದ ಆಕಾರದ ಗುಳಿ ಇರೋ) ತಲೆಯವು, ಟಿ-50 ಸೈಜ್ ಸಾಮಾನ್ಯ. ತಲೆಯೊಳಗಿನ ಕಸ ಚುಚ್ಚಿ ತೆಗೆದು, ಬಿಟ್ಟನ್ನ ಸುತ್ತಿಗೇಲಿ ಮೆಲ್ಲಗೆ ತಟ್ಟಿ ಪೂರ್ತಿ ಕೂರಿಸಿ ಆಮೇಲೆ ತಿರುಗಿಸಿ, ಸವೆದ ಬಿಟ್ ಹಾಕಿದ್ರೆ ತಲೆ ಕೆಟ್ಟು ಹೋಗತ್ತೆ.

ಸೀಟು ಹೊರಗೆ ಬಂದ್ಮೇಲೆ ಬಾಗ್ಲ ಕೆಳಗಿನ ಸಿಲ್ ಪಟ್ಟಿ, ಕಾಲ ಪಕ್ಕದ ಕಿಕ್ ಪ್ಯಾನೆಲ್, ನಡುವೆ ಕನ್ಸೋಲ್ ಇದ್ರೆ ಅದು, ಗೇರ್ ಲಿವರ್ ಬೂಟ್, 4 ವೀಲ್ ಡ್ರೈವ್ ಆಗಿದ್ರೆ ಅದರ ಲಿವರ್ ಬೂಟ್, ಇಷ್ಟು ಬಿಚ್ಚಿ. ಮೇಲ್ಗಡೆ ಸನ್ ವೈಸರ್, ರೂಫ್ ಲೈಟು, ಹಿಡಿಕೆ, ಬಟ್ಟೆ ತೂಗುಹಾಕೋ ಕೊಕ್ಕೆ, ಮುಂದಿನ ಗ್ಲಾಸ್ ಪಕ್ಕದ ಪಿಲ್ಲರ್ ಕವರು, ಹಿಂದಿನ ಗ್ಲಾಸ್ ಸುತ್ತಲಿನ ಕವರು, ಬಾಗ್ಲ ರಬ್ಬರ್ ಬೀಡಿಂಗ್. ಒಂದೊಂದನ್ನೂ ಬಿಚ್ಚೋ ಮುಂಚೆ ಮೊಬೈಲಲ್ಲಿ ಫೋಟೋ, ಒಂದೊಂದು ಜಾಗದ ಸ್ಕ್ರೂ ಒಂದೊಂದು ಚಿಕ್ಕ ಕವರಲ್ಲಿ ಹಾಕಿ ಮೇಲೆ ಹೆಸರು ಬರೀರಿ. ಹಳೇ ಪ್ಲಾಸ್ಟಿಕ್ ಕವರುಗಳು ಬಿಸಿಲಿಗೆ ಪೆಡಸಾಗಿರತ್ತೆ, ಚಳಿ ಹೊತ್ತಲ್ಲಿ ಕೀಳೋಕೆ ಹೋದ್ರೆ ಟಕ್ ಅಂತ ಮುರಿಯತ್ತೆ, ಸ್ವಲ್ಪ ಬಿಸಿಲು ಏರಿದ್ಮೇಲೆ ಪ್ಲಾಸ್ಟಿಕ್ ಮೀಟುಗೋಲು ಹಾಕಿ ಕ್ಲಿಪ್ ಇರೋ ಕಡೆನೇ ಮೀಟಿ.

ಬೋರ್ಡ್ ಇಳಿಸೋಕೆ ಎರಡು ಜನ ಬೇಕು. ನೋಡೋಕೆ ಗಟ್ಟಿ ಅನ್ಸತ್ತೆ, ಆದ್ರೆ ಒಂದು ಸಲ ಮಡಚಿದ್ರೆ ಆ ಮಡಿಕೆ ಗೆರೆ ಹೊಸ ಬಟ್ಟೆ ಮೇಲೂ ಕಾಣತ್ತೆ. ಓರೆಯಾಗಿ ತಿರುಗಿಸಿ ಪ್ಯಾಸೆಂಜರ್ ಬಾಗ್ಲಿಂದ ಹೊರಗೆ ತನ್ನಿ, ಆ ಕಡೆ ಸ್ಟೀರಿಂಗ್ ಅಡ್ಡ ಬರಲ್ಲ.

ಹಳೇ ಕಾರ್ಪೆಟ್ ಎಳೆದು ಹರಿದು ಎಸೆಯಬೇಡಿ, ಆದಷ್ಟೂ ಇಡಿಯಾಗಿ ತೆಗೀರಿ, ಮುಂದೆ ಅಳತೆಗೆ ಬೇಕು. ಅದನ್ನ ತಿರುವಿ ಹಾಕಿ ಬೆನ್ನು ನೋಡಿ. ಎಲ್ಲಿ ಕಪ್ಪು ಕಲೆ, ಎಲ್ಲಿ ಬಿಳೀ ಉಪ್ಪಿನ ಗೆರೆ, ಎಲ್ಲಿ ತುಕ್ಕಿನ ಅಚ್ಚು ಇದೆಯೋ ಅದು ನೀರು ಓಡಾಡಿದ ದಾರಿಯ ನಕ್ಷೆ.

ನೀರು ಎಲ್ಲಿಂದ

ಈಗ ಗಾಡಿ ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಿ, ಹೊರಗಿನಿಂದ ಇನ್ನೊಬ್ಬರು ಪೈಪಲ್ಲಿ ನೀರು ಬಿಡ್ಲಿ. ಪ್ರೆಷರ್ ಬೇಡ, ಸುಮ್ನೆ ಹರಿಯೋ ನೀರು ಸಾಕು, ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಒಂದೊಂದು ಜಾಗಕ್ಕೆ ಐದೈದು ನಿಮಿಷ. ಮೇಲಿಂದ ಶುರು ಮಾಡಿದ್ರೆ ನೀರು ಎಲ್ಲಾ ಕಡೆ ಹರಿದು ಯಾವ ಸಂದಿಯದ್ದು ಅಂತ ಗೊತ್ತಾಗಲ್ಲ.

ಸಾಮಾನ್ಯವಾಗಿ ಸಿಗೋ ಕಳ್ಳದಾರಿಗಳು ಇವು. ಮುಂದಿನ ಗ್ಲಾಸಿನ ಮೇಲಿನ ಮೂಲೆ, ಅಲ್ಲಿಂದ ಬಂದ ನೀರು ಪಿಲ್ಲರ್ ಒಳಗೇ ಇಳಿದು ಕಾಲ ಹತ್ರ ಬರತ್ತೆ. ವೈಪರ್ ಕೆಳಗಿನ ಗುಂಡಿ, ಅಲ್ಲಿ ಒಣ ಎಲೆ ತುಂಬಿ ನೀರು ಹೋಗೋ ತೂತು ಮುಚ್ಚಿದ್ರೆ ನೀರು ತುಂಬಿ ಒಳಗೆ ನುಗ್ಗತ್ತೆ. ಹಿಂದಿನ ಸರಿಸೋ ಗ್ಲಾಸಿನ ರಬ್ಬರ್. ಪಿಕಪ್‌ಗಳಲ್ಲಿ ಹಿಂದಿನ ಗ್ಲಾಸಿನ ಮೇಲೆ ಇರೋ ಬ್ರೇಕ್ ಲೈಟಿನ ಗ್ಯಾಸ್ಕೆಟ್, ಇದನ್ನ ತುಂಬಾ ಜನ ಗಮನಿಸೋದೇ ಇಲ್ಲ, ಆದ್ರೆ ಲೈನಿಂಗ್ ಹಿಂಭಾಗದಲ್ಲಿ ಕಂದು ಕಲೆ ಇದ್ರೆ ಮೊದಲು ನೋಡ್ಬೇಕಾದ್ದೇ ಇದನ್ನ. ಬಾಗ್ಲ ಪ್ಯಾನೆಲ್ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದಿದ್ರೆ ಬಾಗ್ಲೊಳಗಿನ ನೀರು ಕ್ಯಾಬಿನ್‌ಗೆ ಬರತ್ತೆ.

ಮಳೆ ಇಲ್ಲದ ದಿನವೂ ಒದ್ದೆ ಇದ್ರೆ ಮಳೆ ಕಾರಣ ಅಲ್ಲ. ಏಸಿ ಡ್ರೈನ್ ಪೈಪ್ ಕಟ್ಟಿದ್ರೆ ಏಸಿ ಹಾಕಿದಾಗೆಲ್ಲಾ ಒಳಗೆ ನೀರು ಸುರಿಯತ್ತೆ, ಇದು ಬರೀ ನೀರು, ವಾಸನೆ ಇರಲ್ಲ. ಬೆರಳಿಗೆ ಅಂಟಂಟಾಗಿ, ಸಿಹಿ ವಾಸನೆ ಬಂದ್ರೆ ಅದು ಕೂಲೆಂಟು, ಡ್ಯಾಶ್ ಒಳಗಿನ ಹೀಟರ್ ಕೋರ್ ಸೋರ್ತಿದೆ ಅಂತ. ಅದನ್ನ ಸರಿ ಮಾಡಿಸದೆ ಹೊಸ ಕಾರ್ಪೆಟ್ ಕವರ್ ಕೂಡ ಬಿಚ್ಚಬೇಡಿ, ಒಮ್ಮೆ ಕೂಲೆಂಟ್ ಕುಡಿದ ಕಾರ್ಪೆಟ್ ಒಣಗೋದೇ ಇಲ್ಲ, ಗ್ಲಾಸಿಗೆ ಮಬ್ಬು ಹಿಡೀತಾನೇ ಇರತ್ತೆ.

ತುಕ್ಕು

ಫ್ಲೋರನ್ನ ವ್ಯಾಕ್ಯೂಮ್ ಮಾಡಿ, ಸೋಪ್ ನೀರಲ್ಲಿ ಒರೆಸಿ ಒಣಗಿಸಿ, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನತ್ತೆ, ಒಳಗೆ ತಿಂದುಹೋಗಿರೋದು ಮಂಕಾಗಿ ಡಬ್ ಅನ್ನತ್ತೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿ, ತೂತು ಬಿತ್ತು ಅಂದ್ರೆ ಅಲ್ಲಿಗೆ ಹೊಸ ತಗಡು ವೆಲ್ಡ್ ಆಗ್ಬೇಕು, ಪುಟ್ಟಿ ಮೆತ್ತಿ ಮುಚ್ಚೋ ಕೆಲಸ ಬೇಡ. ಸೀಟ್ ಬೋಲ್ಟ್, ಬೆಲ್ಟ್ ಬೋಲ್ಟ್ ಹತ್ರ ತುಕ್ಕು ತಿಂದಿದ್ರಂತೂ ಅದು ಪ್ರಾಣದ ವಿಷ್ಯ, ತಿಳಿದ ಟಿಂಕರ್ ಹತ್ರ ಮಾಡಿಸಿ.

ಮೇಲ್ಮೇಲಿನ ತುಕ್ಕಾದ್ರೆ ವೈರ್ ಬ್ರಷ್, ಉಪ್ಪುಕಾಗದ ಹಾಕಿ ಹೊಳೆಯೋ ಲೋಹ ಬರೋ ತನಕ ತೆಗೀರಿ, ಸಣ್ಣ ಗುಂಡಿಗಳಲ್ಲಿ ಉಳಿದಿದ್ದಕ್ಕೆ ರಸ್ಟ್ ಕನ್ವರ್ಟರ್ (ತುಕ್ಕನ್ನ ಗಟ್ಟಿ ಪದರವಾಗಿ ಬದಲಾಯಿಸೋ ದ್ರವ) ಹಚ್ಚಿ, ಅದರ ಮೇಲೆ ಪ್ರೈಮರ್, ತಗಡಿನ ಜೋಡಣೆ ಗೆರೆಗಳಿಗೆ ಸೀಮ್ ಸೀಲರ್, ಆಮೇಲೆ ಪೇಂಟು. ಫ್ಲೋರಲ್ಲಿ ರಬ್ಬರ್ ಬಿರಡೆಗಳು ಇರತ್ತೆ, ಗಟ್ಟಿಯಾಗಿ ಬಿರಿದಿದ್ರೆ ಹೊಸವು ಹಾಕಿ. ಮೇಲ್ಗಡೆ ರೂಫ್ ತಗಡಿಗೂ ಒಂದು ಕಣ್ಣು ಹಾಯಿಸಿ.

ಶಬ್ದ ಕಡಿಮೆ ಮಾಡೋ ಬ್ಯೂಟೈಲ್ ಶೀಟ್ (ತಗಡಿಗೆ ಅಂಟೋ ರಬ್ಬರ್ ಹಾಳೆ) ಹಾಕೋದಿದ್ರೆ ಇದೇ ಸಮಯ. ಇಡೀ ಫ್ಲೋರ್ ಮುಚ್ಚಬೇಕು ಅಂತ ಏನಿಲ್ಲ, ದೊಡ್ಡ ಚಪ್ಪಟೆ ತಗಡಿನ ನಡುಭಾಗದಲ್ಲಿ ಕಾಲು ಭಾಗ ಮುಚ್ಚಿದ್ರೂ ತಗಡು ನಡುಗೋದು ತುಂಬಾ ಕಮ್ಮಿ ಆಗತ್ತೆ. ತಗಡನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಶೀಟ್ ಮೇಲೆ ಚಿಕ್ಕ ರೋಲರ್ ಹಾಯಿಸಿ, ಮೇಲಿನ ಅಲ್ಯೂಮಿನಿಯಂ ಹಾಳೆಯ ಉಬ್ಬು ಗೆರೆಗಳು ಚಪ್ಪಟೆ ಆಗೋ ತನಕ ಒತ್ತಿ. ಮನೆ ತಾರಸಿಗೆ ಹಾಕೋ ಡಾಂಬರ್ ಪಟ್ಟಿ ನೋಡೋಕೆ ಒಂದೇ ಥರ ಇರತ್ತೆ, ದಯವಿಟ್ಟು ಅದನ್ನ ಹಾಕ್ಬೇಡಿ, ಬಿಸಿಲಿಗೆ ಕರಗಿ ಇಳಿಯತ್ತೆ, ವಾಸನೆ ಯಾವತ್ತೂ ಹೋಗಲ್ಲ.

ಬೋರ್ಡ್ ಉಜ್ಜೋದು, ಇಡೀ ಕೆಲಸದ ಜೀವ ಇಲ್ಲಿದೆ

ಬೋರ್ಡನ್ನ ಹೊರಗಡೆ, ಗಾಳಿ ಆಡೋ ಕಡೆ, ಟೇಬಲ್ ಮೇಲೆ ಸಮನಾಗಿ ಇಡಿ. ಮಾಸ್ಕ್, ಕನ್ನಡಕ ಹಾಕ್ಕೊಳ್ಳಿ, ಆ ಪುಡಿ ಗಂಟಲಿಗೂ ಕಣ್ಣಿಗೂ ಒಳ್ಳೇದಲ್ಲ. ಬಟ್ಟೆ ಕಿತ್ತು ಹಾಕಿದ್ಮೇಲೆ ಉಳಿದ ಫೋಮನ್ನ ನೈಲಾನ್ ಬ್ರಷ್‌ನಲ್ಲಿ ಉಜ್ಜಿ. ವೈರ್ ಬ್ರಷ್ ಬೇಡ, ಬೋರ್ಡಿನ ನಾರು ಕಿತ್ತು ಬರತ್ತೆ. ನೀರಂತೂ ಮುಟ್ಟಿಸಲೇಬೇಡಿ, ನಾರಿನ ಬೋರ್ಡ್ ನೀರು ಕುಡಿದ್ರೆ ಉಬ್ಬಿ ಆಕಾರ ಕಳ್ಕೊಳ್ಳತ್ತೆ.

ಮೊದಲ ಹದಿನೈದು ನಿಮಿಷದಲ್ಲಿ ತೊಂಬತ್ತು ಭಾಗ ಹೋಗಿಬಿಡತ್ತೆ, ಸಾಕು ಅನ್ಸತ್ತೆ. ಸಾಲಲ್ಲ. ಉಳಿದ ಹತ್ತು ಭಾಗಕ್ಕೆ ಒಂದು ಗಂಟೆ ಮೇಲೆ ಹಿಡಿಯತ್ತೆ, ಆ ಒಂದು ಗಂಟೆ ಮೇಲೇನೇ ಹೊಸ ಬಟ್ಟೆ ಎಷ್ಟು ವರ್ಷ ನಿಲ್ಲತ್ತೆ ಅನ್ನೋದು ನಿಂತಿರೋದು. ನಾನು ನೋಡೋ ಪರೀಕ್ಷೆ ಒಂದೇ: ಒಂದು ಒಣ ಕಪ್ಪು ಬಟ್ಟೆ ತಗೊಂಡು ಬೋರ್ಡ್ ಮೇಲೆ ಒತ್ತಿ ಎಳೀತೀನಿ, ಬಟ್ಟೆಗೆ ಹಳದಿ ಹುಡಿ ಹತ್ತಿದ್ರೆ ಇನ್ನೂ ಕೆಲಸ ಇದೆ ಅಂತ ಅರ್ಥ. ಲೈಟ್ ಕೂರೋ ಗುಂಡಿ, ವೈಸರ್ ಕೂರೋ ತಗ್ಗು, ಅಂಚಿನ ಬಾಗು, ಇಲ್ಲೆಲ್ಲಾ ಬ್ರಷ್ ಸರಿಯಾಗಿ ಹೋಗಲ್ಲ, ಅಲ್ಲಿ ಬರೀ ಅಂಗೈಯಿಂದ ಉಜ್ಜಿ, ಫೋಮು ಚಿಕ್ಕ ಚಿಕ್ಕ ಉಂಡೆಯಾಗಿ ಎದ್ದು ಬರತ್ತೆ. ಬಟ್ಟೆ ಮೊದಲು ಬಿಟ್ಕೊಳ್ಳೋದೂ ಇದೇ ತಗ್ಗುಗಳಲ್ಲಿ, ಹಾಗಾಗಿ ಬಯಲಿಗಿಂತ ತಗ್ಗಿಗೆ ಜಾಸ್ತಿ ಹೊತ್ತು ಕೊಡಿ. ಕೊನೇಲಿ ವ್ಯಾಕ್ಯೂಮ್.

ಅಂಚು ಮುರಿದಿದ್ರೆ, ವೈಸರ್ ಸ್ಕ್ರೂ ತೂತು ದೊಡ್ಡದಾಗಿದ್ರೆ, ಬೋರ್ಡಿನ ಹಿಂಭಾಗದಿಂದ ಫೈಬರ್‌ಗ್ಲಾಸ್ ಬಟ್ಟೆ ತುಂಡಿಟ್ಟು ರೆಸಿನ್ ಹಚ್ಚಿ ಒಂದು ದಿನ ಒಣಗಲು ಬಿಡಿ. ಮುಂಭಾಗದಲ್ಲಿ ಏನೇ ಉಬ್ಬು ಉಳಿದ್ರೂ ಉಪ್ಪುಕಾಗದ ಹಾಕಿ ಸಮ ಮಾಡಿ.

ಬಟ್ಟೆ ಮತ್ತು ಗಮ್

ಬಟ್ಟೆ ತಗೊಳ್ಳುವಾಗ ಬೆನ್ನಿಗೆ ಫೋಮ್ ಇರೋ ರೂಫ್ ಲೈನಿಂಗ್ ಬಟ್ಟೆನೇ ತಗೊಳ್ಳಿ. ಸಾದಾ ಬಟ್ಟೆ ಹಾಕಿದ್ರೆ ಗಮ್ ಹೊರಗೆ ಬಂದು ಕಲೆ ಬೀಳತ್ತೆ, ಬೋರ್ಡಿನ ಒಂದೊಂದು ಗೀರೂ ಕಾಣತ್ತೆ. ಬೋರ್ಡಿನ ಉದ್ದ ಅಗಲ ಅಳೆಯುವಾಗ ಟೇಪನ್ನ ಗಾಳೀಲಿ ನೇರ ಹಿಡೀಬೇಡಿ, ತಗ್ಗು ಉಬ್ಬು ಎಲ್ಲದರ ಒಳಗೆ ಒತ್ತಿ ಅಳೀರಿ, ಅದರ ಮೇಲೆ ನಾಲ್ಕೂ ಕಡೆ 10 ಸೆಂಟಿಮೀಟರ್ ಜಾಸ್ತಿ. ಬಟ್ಟೇನ ಎರಡೂ ದಿಕ್ಕಿಗೆ ಎಳೆದು ನೋಡಿ, ಒಂದು ಕಡೆ ಜಾಸ್ತಿ ಹಿಗ್ಗತ್ತೆ, ಬೋರ್ಡಲ್ಲಿ ಆಳದ ತಗ್ಗುಗಳು ಯಾವ ದಿಕ್ಕಿಗೆ ಹಿಗ್ಗು ಕೇಳ್ತವೋ ಆ ದಿಕ್ಕಿಗೆ ಅದನ್ನ ಇಡಿ.

ಗಮ್ಮು ಜಾಸ್ತಿ ಕಾವು ತಡೆಯೋ ಕಾಂಟ್ಯಾಕ್ಟ್ ಗಮ್ (ಎರಡೂ ಕಡೆಗೆ ಹಚ್ಚಿ, ಸ್ವಲ್ಪ ಆರಿದ್ಮೇಲೆ ಜೋಡಿಸೋ ಗಮ್) ಆಗಿರ್ಬೇಕು. ಬಿಸಿಲಲ್ಲಿ ಗ್ಲಾಸ್ ಮುಚ್ಚಿ ನಿಲ್ಲಿಸಿದ ಗಾಡಿಯೊಳಗೆ 60 ಡಿಗ್ರಿ ಸೆಲ್ಸಿಯಸ್ ದಾಟೋದು ದೊಡ್ಡ ವಿಷ್ಯ ಅಲ್ಲ, ರೂಫ್ ತಗಡು ಅದಕ್ಕಿಂತ ಬಿಸಿ. ಪೇಪರ್, ಥರ್ಮಾಕೋಲ್ ಅಂಟಿಸೋ ಸ್ಪ್ರೇ ಆ ಕಾವಿಗೆ ಮೆತ್ತಗಾಗಿ ಬಟ್ಟೇನ ಬಿಟ್ಟುಬಿಡತ್ತೆ. ಡಬ್ಬಿ ಮೇಲೆ ಎಷ್ಟು ಡಿಗ್ರಿ ತಡೆಯತ್ತೆ ಅಂತ ಬರೆದಿರತ್ತೆ, 80ರ ಹತ್ರ ಇಲ್ಲಾ ಅದಕ್ಕಿಂತ ಮೇಲಿದ್ರೆ ತಗೊಳ್ಳಿ. ಒಂದು ರಟ್ಟಿನ ಚೂರಿಗೆ ಬಟ್ಟೆ ಚೂರು ಅಂಟಿಸಿ, ಗ್ಲಾಸ್ ಮುಚ್ಚಿದ ಗಾಡಿಯೊಳಗೆ ಒಂದು ದಿನ ಬಿಸಿಲಿಗಿಟ್ಟು ನೋಡಿದ್ರೆ ಅನುಮಾನನೇ ಉಳಿಯಲ್ಲ, ಜೊತೆಗೆ ಸ್ಪ್ರೇ ಕೈಗೂ ಅಭ್ಯಾಸ ಆಗತ್ತೆ. ಈ ಗಮ್ಮುಗಳು ಬೇಗ ಬೆಂಕಿ ಹಿಡಿಯೋವು, ಹತ್ತಿರ ಸಿಗರೇಟು, ಗ್ಯಾಸ್ ಉರಿ ಏನೂ ಇರ್ಬಾರ್ದು. ಗಾಳಿ ತುಂಬಾ ಒದ್ದೆ ಇರೋ ಮಳೆ ದಿನ ಈ ಕೆಲಸ ಬೇಡ, ಗಮ್ ಆರುವಾಗ ಮೇಲ್ಮೈ ತಣ್ಣಗಾಗಿ ತೇವ ಕೂತ್ಕೊಳ್ಳತ್ತೆ, ಹಿಡಿತ ಬರಲ್ಲ.

ಅಂಟಿಸೋದು

ಬಟ್ಟೇನ ಬೋರ್ಡ್ ಮೇಲೆ ಹಾಸಿ, ನಾಲ್ಕೂ ಕಡೆ ಸಮ ಬಿಟ್ಟಿದೆಯಾ ನೋಡಿ, ಆಮೇಲೆ ಅರ್ಧ ಬಟ್ಟೇನ ಇನ್ನರ್ಧದ ಮೇಲೆ ಮಡಚಿ. ತೆರೆದ ಅರ್ಧ ಬೋರ್ಡಿಗೆ ಸಮನಾಗಿ ಸ್ಪ್ರೇ, ಮಡಚಿದ ಬಟ್ಟೆಯ ಫೋಮ್ ಮೇಲೂ ಸ್ಪ್ರೇ. ಫೋಮ್ ಮೇಲೆ ತೆಳ್ಳಗೆ, ಒಂದೇ ಜಾಗದಲ್ಲಿ ನಿಲ್ಲಿಸಿ ಹೊಡೆದ್ರೆ ನೆನೆದು ಈಚೆ ಕಡೆ ಕಲೆ ಬರತ್ತೆ. ಡಬ್ಬೀಲಿ ಹೇಳಿರೋಷ್ಟು ನಿಮಿಷ ಕಾಯಿರಿ, ಬೆರಳಿನ ಬೆನ್ನಿಂದ ಮುಟ್ಟಿದ್ರೆ ಅಂಟಂಟು ಅನ್ನಿಸ್ಬೇಕು ಆದ್ರೆ ಗಮ್ ಬೆರಳಿಗೆ ಬರ್ಬಾರ್ದು, ಅದೇ ಹದ.

ಈಗ ಒಬ್ಬರು ಬಟ್ಟೆ ತುದಿಯನ್ನ ಮೇಲೆತ್ತಿ ಸಡಿಲವಾಗಿ ಹಿಡ್ಕೊಳ್ಲಿ, ಇನ್ನೊಬ್ಬರು ಮಡಿಕೆ ಗೆರೆಯಿಂದ ಶುರು ಮಾಡಿ, ನಡುವಿನಿಂದ ಎರಡೂ ಪಕ್ಕಕ್ಕೆ ಅಂಗೈ ಆಡಿಸ್ತಾ ಸ್ವಲ್ಪ ಸ್ವಲ್ಪವೇ ಮುಂದೆ ಹೋಗ್ಲಿ. ಬೆರಳ ತುದಿಯಿಂದ ಒತ್ತಬೇಡಿ, ಒತ್ತಿದ ಕಡೆ ಫೋಮ್ ಚಪ್ಪಟೆಯಾಗಿ ಹಾಗೇ ಅಂಟಿ ಗುಳಿ ಉಳಿದುಬಿಡತ್ತೆ.

ತಗ್ಗು ಬಂದಾಗ ಇಲ್ಲಿ ಗಮನ ಕೊಡಿ. ಸುಮ್ನೆ ಕೈ ಸವರ್ಕೊಂಡು ಹೋದ್ರೆ ಬಟ್ಟೆ ತಗ್ಗಿನ ಈ ದಡದಿಂದ ಆ ದಡಕ್ಕೆ ಸೇತುವೆ ಥರ ನಿಲ್ಲತ್ತೆ, ಕೆಳಗೆ ಗಾಳಿ. ಅದನ್ನ ಆಮೇಲೆ ಒಳಕ್ಕೆ ತಳ್ಳಿದ್ರೆ ಬಟ್ಟೆ ಎಳೆದ ರಬ್ಬರ್ ಥರ ಇರತ್ತೆ, ಮೊದಲ ಬಿಸಿಲಿಗೇ ಎದ್ದು ಬರತ್ತೆ. ತಗ್ಗಿನ ದಡಕ್ಕೆ ಬಂದ ಕೂಡ್ಲೇ ನಿಲ್ಲಿಸಿ, ಆಚೆ ಕಡೆ ಬಟ್ಟೆ ಇನ್ನೂ ಸಡಿಲ ಇರುವಾಗಲೇ ಅಂಗೈ ಪಕ್ಕದಿಂದ ಬಟ್ಟೇನ ಗೋಡೆಯ ಉದ್ದಕ್ಕೂ ಕೆಳಗೆ ಇಳಿಸಿ, ತಳ ಅಂಟಿಸಿ, ಆಮೇಲೆ ಆಚೆ ಗೋಡೆ ಹತ್ತಿಸಿ. ಸುಕ್ಕು ಬಂದ್ರೆ ಮೊದಲ ಒಂದೆರಡು ನಿಮಿಷದಲ್ಲಿ ಮೆಲ್ಲಗೆ ಎತ್ತಿ ಮತ್ತೆ ಕೂರಿಸಬಹುದು, ಹೊತ್ತಾದ್ಮೇಲೆ ಎಳೆದ್ರೆ ಫೋಮು ಹರಿಯತ್ತೆ. ಒಂದು ಅರ್ಧ ಆದ್ಮೇಲೆ ಇನ್ನರ್ಧ ಮಡಚಿ ಹಾಗೇ ಮಾಡಿ.

ಅಂಚಲ್ಲಿ 2-3 ಸೆಂಟಿಮೀಟರ್ ಬಿಟ್ಟು ಕತ್ತರಿಸಿ ಹಿಂದಕ್ಕೆ ಮಡಚಿ ಅಂಟಿಸಿ, ಬಾಗಿರೋ ಕಡೆ ಚಿಕ್ಕ ಚಿಕ್ಕ ತ್ರಿಕೋನ ಕತ್ತರಿಸಿದ್ರೆ ಗಂಟು ಕಟ್ಟಲ್ಲ. ಲೈಟಿನ ತೂತಿಗೆ ಗುಣಾಕಾರ ಚಿಹ್ನೆ ಥರ ಸೀಳಿ ಆ ನಾಲ್ಕು ಎಲೆಗಳನ್ನ ಹಿಂದಕ್ಕೆ ಅಂಟಿಸಿ. ಸ್ಕ್ರೂ ತೂತುಗಳನ್ನ ಹಿಂದಿನಿಂದ ದಬ್ಬಣ ಚುಚ್ಚಿ ಗುರುತು ಮಾಡಿ. ಒಂದು ದಿನ ಪೂರ್ತಿ ಸಮನಾಗಿ ಮಲಗಿಸಿಟ್ಟು ಒಣಗಿಸಿ.

ವಾಪಸ್ ಹಾಕುವಾಗ ಕೈ ತೊಳ್ಕೊಳ್ಳಿ, ತಿಳಿ ಬಣ್ಣದ ಬಟ್ಟೆ ಮೇಲೆ ಗ್ರೀಸ್ ಬೆರಳು ಬಿದ್ರೆ ಹೋಗಲ್ಲ. ಮೊದಲು ರೂಫ್ ಲೈಟು ಕೂರಿಸಿ ನಡುಭಾಗ ಹಿಡಿಸಿ, ಆಮೇಲೆ ವೈಸರ್, ಪಿಲ್ಲರ್ ಕವರು. ಎಲ್ಲಾ ಸ್ಕ್ರೂ ಹಿಡಿದ್ಮೇಲೇ ಟೈಟ್ ಮಾಡಿ.

ಕಾರ್ಪೆಟ್ ಆರಿಸೋದು

ನಿಮ್ಮ ಗಾಡಿ ಆಕಾರಕ್ಕೇ ಬಿಸಿ ಅಚ್ಚಲ್ಲಿ ಒತ್ತಿ ಮಾಡಿದ ಮೋಲ್ಡೆಡ್ ಕಾರ್ಪೆಟ್ ಸಿಕ್ಕಿದ್ರೆ ಅದನ್ನೇ ತಗೊಳ್ಳಿ. ಮೀಟರ್ ಲೆಕ್ಕದ ಕಾರ್ಪೆಟ್ ಕತ್ತರಿಸಿ ಫ್ಲೋರ್ ನಡುವೆ ಉಬ್ಬಿರೋ ಜಾಗಕ್ಕೆ, ಅಂದ್ರೆ ಹಂಪಿಗೆ (ಹಂಪ್), ಕೂರಿಸೋದು ಕುಶಲದ ಕೆಲಸ, ಜೋಡಣೆ ಹೊಲಿಗೆ ಬೇಕಾಗತ್ತೆ. ಆರ್ಡರ್ ಮಾಡುವಾಗ ಕ್ಯಾಬಿನ್ ಸೈಜು, ಗೇರ್ ಆಟೋಮ್ಯಾಟಿಕ್ಕೋ ಮ್ಯಾನ್ಯುಯಲ್ಲೋ, 2 ವೀಲೋ 4 ವೀಲ್ ಡ್ರೈವೋ ಎಲ್ಲಾ ಸರಿಯಾಗಿ ಹೇಳಿ, ಒಂದೇ ಮಾಡೆಲ್ಲಲ್ಲೂ ಹಂಪಿನ ಎತ್ತರ ಬೇರೆ ಇರತ್ತೆ. ದಿನಾ ಕೆಸರು ಬೂಟಲ್ಲಿ ಹತ್ತೋ ಗಾಡಿ ಆದ್ರೆ ವಿನೈಲ್ ಫ್ಲೋರಿಂಗ್ ಕೂಡ ಒಳ್ಳೇದೇ, ಒರೆಸೋದು ಸುಲಭ, ಆದ್ರೆ ಅದರ ಕೆಳಗೆ ನೀರು ನಿಂತ್ರೆ ಮೇಲೆ ಸುಳಿವೇ ಸಿಗಲ್ಲ.

ಕೆಳಗಿನ ಪ್ಯಾಡಿಂಗ್ ವಿಷ್ಯದಲ್ಲಿ, ಸೆಣಬಿನ ಪ್ಯಾಡು ಶಬ್ದ ಚೆನ್ನಾಗಿ ಹೀರತ್ತೆ, ನೀರನ್ನೂ ಹಾಗೇ ಹೀರತ್ತೆ. ನೀರು ಕುಡಿಯದ ಕ್ಲೋಸ್ಡ್ ಸೆಲ್ ಫೋಮು ನನಗೆ ಇಷ್ಟ. ಯಾವುದೇ ಆದ್ರೂ ಪೆಡಲ್ ಕೆಳಗೆ ದಪ್ಪ ಬೇಡ. ಸೈಲೆನ್ಸರ್ ಪೈಪ್ ಹಾದುಹೋಗೋ ಜಾಗದಲ್ಲಿ ಕಂಪನಿ ಹಾಕಿದ್ದ ಕಾವು ತಡೆಯೋ ಪದರ ಇದ್ರೆ ಅದನ್ನ ಹಾಗೇ ಉಳಿಸಿ.

ಹಾಸೋದು, ಕತ್ತರಿಸೋದು

ಮಡಚಿ ಬಂದ ಕಾರ್ಪೆಟ್ಟನ್ನ ಎರಡು ಮೂರು ಗಂಟೆ ಬಿಸಿಲಲ್ಲಿ ಬಿಡಿಸಿ ಹಾಕಿ, ಮೆತ್ತಗಾಗಿ ಮಡಿಕೆ ಬಿಡತ್ತೆ. ಒಳಗೆ ಹಾಕಿ ಹಂಪಿನ ಮೇಲೆ ಮೊದಲು ಕೂರಿಸಿ, ಅದು ನೆಟ್ಟಗಾದ್ರೆ ಮಿಕ್ಕಿದ್ದು ತಾನೇ ಜಾಗಕ್ಕೆ ಬರತ್ತೆ. ಹಿಮ್ಮಡಿ ಪ್ಯಾಡ್ ಆಕ್ಸಿಲರೇಟರ್ ಕೆಳಗೇ ಬಂದಿದೆಯಾ ನೋಡಿ. ನಡುವಿನಿಂದ ಹೊರಕ್ಕೆ ಒತ್ತುತ್ತಾ ಡ್ಯಾಶ್ ಕೆಳಗೆ ತೂರಿಸಿ, ಮೂಲೆಗಳಲ್ಲಿ ಭಾರ ಇಟ್ಟು ಬಾಗ್ಲು ಮುಚ್ಚಿ ರಾತ್ರಿ ಬಿಡಿ. ಅವತ್ತೇ ಕತ್ತರಿ ಹಿಡೀಬೇಡಿ. ಬೆಳಿಗ್ಗೆ ಅದು ಕೂತ ಮೇಲೆ ಅಂಚು ಎಲ್ಲಿಗೆ ಬರತ್ತೆ ಅಂತ ನೋಡಿ, ಹಳೇ ಕಾರ್ಪೆಟ್ ಪಕ್ಕದಲ್ಲಿಟ್ಕೊಂಡು ಸ್ವಲ್ಪ ಸ್ವಲ್ಪವೇ ಕತ್ತರಿಸಿ, ಸಿಲ್ ಪಟ್ಟಿ ಕೆಳಗೆ 2-3 ಸೆಂಟಿಮೀಟರ್ ಇರ್ಲೇಬೇಕು.

ಬೋಲ್ಟ್ ತೂತುಗಳು. ಕೆಳಗಿಂದ ದಬ್ಬಣ ಚುಚ್ಚಿ ಜಾಗ ಗುರುತು ಮಾಡಿ. ಡ್ರಿಲ್ ಮಷೀನ್ ಮಾತ್ರ ಕಾರ್ಪೆಟ್ ಹತ್ರ ತರ್ಬೇಡಿ, ಬಿಟ್ಟಿಗೆ ಒಂದು ನೂಲು ಸಿಕ್ಕಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಒಂದು ಸಾಲು ಪೂರ್ತಿ ಸುತ್ಕೊಂಡು ಬರತ್ತೆ, ಹೊಸ ಕಾರ್ಪೆಟ್ ನಡುವೆ ಬೋಳು ಗೆರೆ. ನನ್ನ ಮೊದಲ ಕಾರ್ಪೆಟ್ ಹೀಗೇ ಹೋಗಿ ತುಂಬಾ ಬೇಜಾರಾಗಿತ್ತು. ಬಿಸಿ ಮಾಡಿದ ಸೋಲ್ಡರಿಂಗ್ ಐರನ್ ಚುಚ್ಚಿ ತೂತು ಮಾಡಿ, ಸಿಂಥೆಟಿಕ್ ನೂಲಿನ ಅಂಚು ಕರಗಿ ಸೀಲ್ ಆಗತ್ತೆ, ಬೋಲ್ಟ್ ತಿರುಗುವಾಗ ನೂಲು ಎಳೆಯಲ್ಲ. ಹೊಗೆ ಕುಡೀಬೇಡಿ, ಬಾಗ್ಲು ತೆಗೆದಿಡಿ, ತೂತಿನ ಕೆಳಗೆ ವೈರ್ ಹಾದುಹೋಗಿಲ್ಲ ಅಂತ ಮೊದಲೇ ನೋಡ್ಕೊಳ್ಳಿ.

ಗಮ್ ಹಾಕ್ಬೇಕಾ ಅಂತ ಕೇಳಿದ್ರೆ, ಹಂಪಿನ ಪಕ್ಕದಲ್ಲಿ ಎದ್ದು ನಿಂತ್ರೆ ಅಲ್ಲಿ ಮಾತ್ರ ಒಂದು ಪಟ್ಟೆ. ಇಡೀ ಫ್ಲೋರಿಗೆ ಅಂಟಿಸಿದ್ರೆ ಮುಂದೆ ಒಂದು ದಿನ ನೀರು ಬಂದಾಗ ಎತ್ತಿ ಒಣಗಿಸೋಕೆ ಆಗಲ್ಲ.

ಸೀಟ್ ವಾಪಸ್

ಸೀಟ್, ಬೆಲ್ಟ್ ಬೋಲ್ಟುಗಳನ್ನ ಮೊದಲು ಕೈಯಲ್ಲೇ ನಾಲ್ಕೈದು ಸುತ್ತು ಹಿಡಿಸಿ, ಎಲ್ಲಾ ಹಿಡಿದ್ಮೇಲೆ ಟಾರ್ಕ್ ರೆಂಚಲ್ಲಿ ಮ್ಯಾನ್ಯುಯಲ್ ಹೇಳಿದಷ್ಟು ಟೈಟ್ ಮಾಡಿ. ಬೆಲ್ಟ್ ಬ್ರಾಕೆಟ್ಟಿಗೂ ತಗಡಿಗೂ ನಡುವೆ ಕಾರ್ಪೆಟ್ ಸಿಕ್ಕಿಕೊಂಡಿರ್ಬಾರ್ದು, ಅಲ್ಲಿ ಲೋಹಕ್ಕೆ ಲೋಹ ಕೂರ್ಬೇಕು. ಸೀಟ್ ಕೆಳಗಿನ ಕನೆಕ್ಟರೆಲ್ಲ ಕೂಡಿಸಿದ ಮೇಲೇ ಬ್ಯಾಟರಿ.

ಇಂಜಿನ್ ಸ್ಟಾರ್ಟ್ ಮಾಡೋ ಮುಂಚೆ ಆಕ್ಸಿಲರೇಟರನ್ನ ತಳದ ತನಕ ಒತ್ತಿ ಬಿಡಿ, ಹತ್ತು ಸಲ. ಒಂದು ಸಲವಾದ್ರೂ ಕಾರ್ಪೆಟ್ಟಿಗೆ ತಾಗಿ ತಡೆದ್ರೆ ಅಲ್ಲಿ ಪ್ಯಾಡಿಂಗ್ ತೆಗೀರಿ, ಹಾಗೇ ಓಡಿಸ್ಬೇಡಿ. ಬ್ರೇಕು, ಕ್ಲಚ್ಚು ಪೂರ್ತಿ ಕೆಳಗೆ ಹೋಗತ್ತಾ, ಸೀಟು ಹಿಂದೆ ಮುಂದೆ ಸರಿದು ಎರಡೂ ಕಡೆ ಲಾಕ್ ಆಗತ್ತಾ, ಬೆಲ್ಟ್ ಜಗ್ಗಿ ಎಳೆದ್ರೆ ಹಿಡಿಯತ್ತಾ, ಏರ್‌ಬ್ಯಾಗ್ ಲೈಟ್ ಹತ್ತಿ ಆರತ್ತಾ ಅಂತ ನೋಡಿ. ಗಮ್ ವಾಸನೆಗೆ ಎರಡು ದಿನ ಗ್ಲಾಸ್ ಸ್ವಲ್ಪ ಇಳಿಸಿ ನಿಲ್ಲಿಸಿ.

ಪ್ಯಾಸೆಂಜರ್ ಕಡೆ ಸಿಲ್ ಪಟ್ಟಿನ ಮಾತ್ರ ಈಗಲೇ ಸ್ಕ್ರೂ ಹಾಕಿ ಮುಗಿಸ್ಬೇಡಿ. ಮೊದಲ ದೊಡ್ಡ ಮಳೆ ಬರ್ಲಿ, ಮಾರನೇ ಬೆಳಿಗ್ಗೆ ಕಾರ್ಪೆಟ್ ಅಂಚು ಎತ್ತಿ ಪ್ಯಾಡಿಂಗ್ ಕೆಳಗೆ, ಮುಂದಿನ ಮೂಲೆ ತನಕ ಕೈ ತೂರಿಸಿ ತಗಡು ಮುಟ್ಟಿ ನೋಡಿ, ಹಾಗೇ ಹಿಂದಿನ ಗ್ಲಾಸ್ ಮೇಲೆ ಲೈನಿಂಗ್ ಅಂಚನ್ನೂ ಮುಟ್ಟಿ. ಕೈ ಒಣಗಿದ್ದಂಗೇ ವಾಪಸ್ ಬಂದ್ರೆ ಪಟ್ಟಿ ಸ್ಕ್ರೂ ಟೈಟ್ ಮಾಡಿ.